ವಾಯಿದೆ ಮೇಲೆ ವಾಯಿದೆ: ಕೇಸು ತಡವಾದಾಗ ಯಾವ ದಾರಿ ಯಾರಿಗೆ?

ಕೇಸು ಮುಗಿಯುವ ಲಕ್ಷಣ ಕಾಣದಿದ್ದಾಗ ಬಹಳ ಜನ ಮೊದಲು ಹುಡುಕುವುದು ಮಾನವ ಹಕ್ಕುಗಳ ಆಯೋಗದ ವಿಳಾಸವನ್ನು. ಹೆಸರು ದೊಡ್ಡದು, ಫೀಸು ಇಲ್ಲ, ಕನ್ನಡದಲ್ಲಿ ಒಂದು ಕಾಗದ ಬರೆದರೆ ಸಾಕು. ಆದರೆ ಕೋರ್ಟಿನ ವಿಳಂಬಕ್ಕೆ ತೀರಾ ಕಡಿಮೆ ಕೆಲಸಕ್ಕೆ ಬರುವ ದಾರಿಯೂ ಅದೇ. ನಿಮ್ಮ ಕೇಸು ನಡೆಯುತ್ತಿರುವ ಅದೇ ಕೋರ್ಟಿನಲ್ಲಿ ಹಾಕುವ ಎರಡು ಪುಟದ ಅರ್ಜಿಗೆ ಅಂಥ ಗತ್ತೇನೂ ಇಲ್ಲ. ಹೆಚ್ಚು ಸಲ ಕೆಲಸ ಆಗುವುದು ಮಾತ್ರ ಅದರಿಂದಲೇ.

ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಕಕ್ಷಿದಾರರಿಗೆ ಇರುವ ದಾರಿಗಳನ್ನು ಇಲ್ಲಿ ಹೋಲಿಸಿದ್ದೇನೆ. ಅದಕ್ಕೂ ಮೊದಲು ಒಂದು ಪ್ರಶ್ನೆಗೆ ನೀವೇ ಉತ್ತರ ಕಂಡುಕೊಳ್ಳಬೇಕು. ನಿಮಗೆ ಬೇಕಿರುವುದು ಬೇಗ ತೀರ್ಪಾ? ಕೇಸಿನಿಂದಲೇ ಬಿಡುಗಡೆಯಾ? ಜೈಲಿನಿಂದ ಹೊರಗೆ ಬರುವುದಾ? ಅಥವಾ ಇಷ್ಟು ವರ್ಷ ಅಲೆಸಿದ್ದಕ್ಕೆ ದುಡ್ಡಾ? ಒಂದೊಂದಕ್ಕೂ ಬೇರೆ ದಾರಿ. ಕೊನೆಯದಕ್ಕೆ ನಮ್ಮಲ್ಲಿ ದಾರಿ ಇಲ್ಲ ಎಂದೇ ತಿಳಿಯಿರಿ.

ಹಕ್ಕು ಇದೆ, ಗಡುವು ಇಲ್ಲ

ಕ್ರಿಮಿನಲ್ ಕೇಸಿನಲ್ಲಿ ಬೇಗ ವಿಚಾರಣೆ ಮುಗಿಯುವುದು ಸಂವಿಧಾನದ 21ನೇ ವಿಧಿಯ ಹಕ್ಕು ಎಂದು ಸುಪ್ರೀಂ ಕೋರ್ಟ್ 1979ರಲ್ಲೇ, ಬಿಹಾರದ ಹುಸೈನಾರಾ ಖಾತೂನ್ ಪ್ರಕರಣದಲ್ಲಿ ಹೇಳಿತು. ನಂತರ ಅಂತುಲೆ ಪ್ರಕರಣದಲ್ಲಿ ಈ ಹಕ್ಕನ್ನು ಅಳೆಯುವುದು ಹೇಗೆ ಎಂದು ವಿವರಿಸಿತು. ತಡ ಎಷ್ಟಾಗಿದೆ, ಯಾರಿಂದ ಆಗಿದೆ, ಕೇಸು ಎಷ್ಟು ಜಟಿಲ, ಆರೋಪಿಗೆ ಎಷ್ಟು ಹಾನಿ, ಇವೆಲ್ಲವನ್ನೂ ಒಟ್ಟಿಗೆ ನೋಡಬೇಕು. ಇಷ್ಟು ವರ್ಷ ಮೀರಿದರೆ ಕೇಸು ರದ್ದು ಎಂಬ ನಿಯಮ ಮಾಡಲಿಲ್ಲ. ಆಮೇಲೆ ಬಂದ ಕೆಲವು ತೀರ್ಪುಗಳು ಅಂಥ ಗಡುವು ಹಾಕಿದವು. ನಮ್ಮ ಕರ್ನಾಟಕದಿಂದಲೇ ಹೋದ ಪಿ. ರಾಮಚಂದ್ರ ರಾವ್ ಪ್ರಕರಣದಲ್ಲಿ 2002ರಲ್ಲಿ 7 ನ್ಯಾಯಮೂರ್ತಿಗಳ ಪೀಠ ಆ ಗಡುವುಗಳನ್ನು ತೆಗೆದುಹಾಕಿತು.

ಸಿವಿಲ್ ಕೇಸಿನವರಿಗೂ ಆಧಾರ ಇಲ್ಲದಿಲ್ಲ. 2016ರ ಅನಿತಾ ಕುಶ್ವಾಹಾ ಪ್ರಕರಣದಲ್ಲಿ ಸಂವಿಧಾನ ಪೀಠ, ನ್ಯಾಯ ಪಡೆಯುವುದೇ ಮೂಲಭೂತ ಹಕ್ಕು, ಆ ನ್ಯಾಯ ಬೇಗ ಸಿಗುವುದೂ ಅದರ ಭಾಗ ಎಂದಿತು.

ಯುರೋಪಿನಲ್ಲಿ ಪರಿಸ್ಥಿತಿ ಬೇರೆ. ಅಲ್ಲಿನ ಮಾನವ ಹಕ್ಕು ಒಪ್ಪಂದದ 6ನೇ ವಿಧಿಯಲ್ಲಿ 'ಸಮಂಜಸ ಕಾಲದಲ್ಲಿ' ಎಂಬ ಮಾತು ನೇರವಾಗಿಯೇ ಇದೆ. ತಡವಾದರೆ ದೇಶದೊಳಗೇ ಪರಿಹಾರದ ವ್ಯವಸ್ಥೆ ಇರಬೇಕು ಎಂದು 2000ದಲ್ಲಿ, ಪೋಲೆಂಡಿನ ಕುದ್ವಾ ಪ್ರಕರಣದಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿರುವ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಹೇಳಿತು. ಮರುವರ್ಷವೇ ಇಟಲಿ ಪಿಂಟೊ ಕಾಯ್ದೆ ತಂದಿತು. ಅಲ್ಲಿ ಮೊದಲ ಹಂತಕ್ಕೆ 3 ವರ್ಷ, ಮೇಲ್ಮನವಿಗೆ 2, ಕೊನೆಯ ಹಂತಕ್ಕೆ 1 ವರ್ಷ ಎಂಬ ಲೆಕ್ಕ ಇದೆ. ಅದನ್ನು ಮೀರಿದರೆ ಸರ್ಕಾರ ದುಡ್ಡು ಕೊಡಬೇಕು. ಜರ್ಮನಿ 2011ರಲ್ಲಿ ಇಂಥದೇ ಕಾನೂನು ಮಾಡಿತು, ತಡವಾದ ಪ್ರತಿ ವರ್ಷಕ್ಕೆ ಸಾಮಾನ್ಯವಾಗಿ 1,200 ಯೂರೊ.

ನಮ್ಮಲ್ಲಿ ಇಂಥ ಕಾಯ್ದೆ ಇಲ್ಲ. ರಿಟ್ ಅರ್ಜಿಯಲ್ಲಿ, ಅಂದರೆ ಹಕ್ಕಿಗಾಗಿ ನೇರವಾಗಿ ಹೈಕೋರ್ಟಿಗೋ ಸುಪ್ರೀಂ ಕೋರ್ಟಿಗೋ ಹಾಕುವ ಅರ್ಜಿಯಲ್ಲಿ, ಪರಿಹಾರ ಕೊಟ್ಟ ಉದಾಹರಣೆಗಳು ಇವೆ. 1983ರ ರುದುಲ್ ಶಾ ಪ್ರಕರಣ ಎಲ್ಲರೂ ಹೇಳುವಂಥದ್ದು. ಆದರೆ ಅವರು ಖುಲಾಸೆಯಾದ ಮೇಲೂ 14 ವರ್ಷ ಜೈಲಿನಲ್ಲೇ ಇದ್ದವರು. ಪಾಲಿನ ದಾವೆ ಇಪ್ಪತ್ತು ವರ್ಷ ಎಳೆದದ್ದಕ್ಕೆ ಆ ತೀರ್ಪು ನೆರವಾಗದು. ವಿಶ್ವಸಂಸ್ಥೆಗೆ ಬರೆಯಬಹುದಾ ಎಂದು ಕೇಳುವವರೂ ಇದ್ದಾರೆ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಪ್ಪಂದವನ್ನು ಭಾರತ 1979ರಲ್ಲಿ ಒಪ್ಪಿಕೊಂಡಿದೆ. ವ್ಯಕ್ತಿಗಳು ಅಲ್ಲಿಗೆ ನೇರವಾಗಿ ದೂರು ಕೊಡಲು ಅವಕಾಶ ಮಾಡುವ ಪೂರಕ ಒಪ್ಪಂದವನ್ನು ಒಪ್ಪಿಲ್ಲ. ಹಾಗಾಗಿ ಆ ದಾರಿ ಮುಚ್ಚಿದೆ.

ಜೈಲಿನಲ್ಲಿ ಇರುವವರಿಗೆ ಕಾನೂನು ಗಟ್ಟಿ

ವಿಳಂಬಕ್ಕೆ ನಮ್ಮ ಕಾನೂನು ನಿಜವಾಗಿ ಹಲ್ಲು ತೋರಿಸುವುದು ವಿಚಾರಣಾಧೀನ ಕೈದಿಗಳ ವಿಷಯದಲ್ಲಿ. ಇಲ್ಲಿ ಆಯ್ಕೆ ಮೂರು. ಆರೋಪಿ ಎಷ್ಟು ದಿನದಿಂದ ಒಳಗಿದ್ದಾನೆ ಎಂಬುದರ ಮೇಲೆ ಯಾವುದು ಎಂದು ತೀರ್ಮಾನವಾಗುತ್ತದೆ.

ಪೊಲೀಸರು ದೋಷಾರೋಪ ಪಟ್ಟಿಯನ್ನು 60 ದಿನದಲ್ಲಿ, ದೊಡ್ಡ ಅಪರಾಧಗಳಲ್ಲಿ 90 ದಿನದಲ್ಲಿ ಹಾಕದಿದ್ದರೆ ಜಾಮೀನು ಹಕ್ಕಾಗಿ ಸಿಗುತ್ತದೆ. ಆದರೆ ಕೇಳಬೇಕು. ಪಟ್ಟಿ ಬಂದು ಸೇರಿದ ಮೇಲೆ ಕೇಳಿದರೆ ಆ ಹಕ್ಕು ಹೋಯಿತು. ಮ್ಯಾಜಿಸ್ಟ್ರೇಟ್ ವಿಚಾರಣೆ ನಡೆಸುವ ಜಾಮೀನುರಹಿತ ಕೇಸಾದರೆ, ಸಾಕ್ಷ್ಯಕ್ಕೆ ನಿಗದಿಯಾದ ಮೊದಲ ದಿನದಿಂದ 60 ದಿನದಲ್ಲಿ ವಿಚಾರಣೆ ಮುಗಿಯದಿದ್ದರೆ, ಅಷ್ಟೂ ದಿನ ಆರೋಪಿ ಒಳಗೇ ಇದ್ದರೆ, ಜಾಮೀನು ಕೊಡಬೇಕು. ಕೊಡದಿದ್ದರೆ ಮ್ಯಾಜಿಸ್ಟ್ರೇಟ್ ಕಾರಣ ಬರೆಯಬೇಕು. ಈ ಎರಡನೆಯದನ್ನು ಬಳಸುವವರು ಕಡಿಮೆ.

ಮೂರನೆಯದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ. ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಒಳಗಿದ್ದರೆ ಬಿಡುಗಡೆ. ಹಿಂದೆ ಯಾವ ಶಿಕ್ಷೆಯೂ ಆಗಿರದವರಿಗೆ ಮೂರನೇ ಒಂದು ಭಾಗ ಸಾಕು. ಸಾಮಾನ್ಯ ಕಳ್ಳತನಕ್ಕೆ ಗರಿಷ್ಠ 3 ವರ್ಷ ಶಿಕ್ಷೆ. ಮೊದಲ ಸಲ ಸಿಕ್ಕವನು 1 ವರ್ಷಕ್ಕೆ, ಇತರರು ಒಂದೂವರೆ ವರ್ಷಕ್ಕೆ ಅರ್ಹರು. ಹೊಸ ಸಂಹಿತೆ ಜಾರಿಗೆ ಬಂದದ್ದು 2024ರ ಜುಲೈ 1ಕ್ಕೆ. ಅದಕ್ಕೂ ಹಿಂದಿನ ಕೇಸುಗಳಿಗೂ ಇದು ಅನ್ವಯ ಎಂದು ಅದೇ ವರ್ಷದ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಅರ್ಜಿ ಹಾಕುವ ಹೊಣೆ ಜೈಲು ಸೂಪರಿಂಟೆಂಡೆಂಟ್ ಮೇಲೆಯೇ ಇದೆ. ಹಾಗಂತ ಮನೆಯವರು ಸುಮ್ನೆ ಕೂರಬೇಡಿ. ದಿನ ಎಣಿಸಿ ನೀವೇ ನೆನಪಿಸಿ. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯಲ್ಲಿ ವಿಚಾರಣಾಧೀನ ಕೈದಿಗಳ ಪರಿಶೀಲನಾ ಸಮಿತಿ ಇದೆ. ಡಿಸಿ, ಎಸ್‌ಪಿ ಕೂಡ ಅದರಲ್ಲಿದ್ದಾರೆ. ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಯ ಮೂಲಕ ಆ ಸಮಿತಿಯ ಪಟ್ಟಿಗೆ ಹೆಸರು ಸೇರಿಸಲು ಕೇಳಬಹುದು.

479ಕ್ಕೆ ಮಿತಿಗಳೂ ಇವೆ. ಮರಣದಂಡನೆ, ಜೀವಾವಧಿ ಶಿಕ್ಷೆ ಇರುವ ಅಪರಾಧಗಳಿಗೆ ಇಲ್ಲ. ಒಂದಕ್ಕಿಂತ ಜಾಸ್ತಿ ಕೇಸು ಬಾಕಿ ಇದ್ದವರಿಗೂ ಇಲ್ಲ. ಆರೋಪಿಯೇ ತಡ ಮಾಡಿದ ದಿನಗಳನ್ನು ಕಳೆಯುತ್ತಾರೆ. 479 ಅನ್ವಯಿಸದವರಿಗೆ ಹೈಕೋರ್ಟಿನಲ್ಲಿ ಜಾಮೀನು ಕೇಳುವುದೇ ದಾರಿ. ಯುಎಪಿಎ (ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆ) ಅಂಥ ಬಿಗಿ ಕಾಯ್ದೆಯ ಕೇಸಿನಲ್ಲೂ ವಿಳಂಬವೇ ಜಾಮೀನಿಗೆ ಕಾರಣವಾಗಬಹುದು ಎಂದು 2021ರ ನಜೀಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಜಾಮೀನು ಸಿಕ್ಕಿಯೂ ಹೊರಗೆ ಬರದವರು ಇರುತ್ತಾರೆ, ಶ್ಯೂರಿಟಿ ಸಿಗುವುದಿಲ್ಲ. ಇದಕ್ಕೆ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶನ ಕೊಟ್ಟಿದೆ. ಆದೇಶವಾಗಿ 7 ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲಿನವರು ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಲ್ಲೂ ಬಾಂಡ್ ಕೊಡಲಾಗದಿದ್ದರೆ ಕೋರ್ಟ್ ತಾನಾಗಿಯೇ ಷರತ್ತು ಸಡಿಲಿಸುವ ಬಗ್ಗೆ ನೋಡಬಹುದು.

ಸಿವಿಲ್ ಕೇಸು: ಮೊದಲು ಆರ್ಡರ್ ಶೀಟ್ ಓದಿ

ನಮ್ಮ ಕಡೆ ಅತಿ ಹೆಚ್ಚು ಎಳೆಯುವುದು ಜಮೀನಿನ ಕೇಸುಗಳು. ಚನ್ನಗಿರಿಯ ಅಡಿಕೆ ತೋಟ, ಜಗಳೂರಿನ ಮೆಕ್ಕೆಜೋಳದ ಹೊಲ, ಚಳ್ಳಕೆರೆಯ ಶೇಂಗಾ ಬೆಳೆಯುವ ಜಮೀನು, ಯಾವುದೇ ಇರಲಿ, ಪಾಲಿನ ದಾವೆಯ ಕಥೆ ಒಂದೇ. ಅಪ್ಪ ಹಾಕಿದ ಕೇಸನ್ನು ಮಗ ನಡೆಸುತ್ತಾನೆ.

ಯಾವ ದಾರಿ ಹಿಡಿದರೂ ನಿಮ್ಮನ್ನು ಕೇಳುವ ಪ್ರಶ್ನೆ 'ತಡ ಮಾಡಿದ್ದು ಯಾರು?' ಎಂಬುದೇ. ಅದಕ್ಕೆ ಉತ್ತರ ಇರುವುದು ಪ್ರತಿ ವಾಯಿದೆಯಲ್ಲಿ ಏನಾಯಿತು ಎಂದು ಕೋರ್ಟ್ ಬರೆದಿಡುವ ಆರ್ಡರ್ ಶೀಟ್‌ನಲ್ಲಿ. ನಕಲು ಅರ್ಜಿ ಹಾಕಿ ದೃಢೀಕೃತ ಪ್ರತಿ ತೆಗೆಸಿ. ಅಲ್ಲಿಯವರೆಗೆ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ನಿಮ್ಮ ಕೇಸಿಗೆ ಕೊಟ್ಟಿರುವ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಹಾಕಿದರೆ ಪ್ರತಿ ವಾಯಿದೆಯಲ್ಲಿ ಏನಾಯಿತು ಎಂಬುದು ಸ್ವಲ್ಪ ಮಟ್ಟಿಗೆ ಸಿಗುತ್ತದೆ. ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಯಾವ ತಾರೀಖು, ಯಾರು ಸಮಯ ಕೇಳಿದರು, ಏಕೆ. ಎದುರು ಪಕ್ಷದವರದೇ ತಪ್ಪು ಎಂದು ಇಷ್ಟು ದಿನ ಬೈಯುತ್ತಿದ್ದವರು ಈ ಹಾಳೆ ನೋಡಿ ತಮ್ಮ ವಕೀಲರ ಕಡೆ ತಿರುಗುವುದೂ ಉಂಟು. ವಕೀಲರಿಗೆ ಸಿಟ್ಟು ಬರಬಹುದು, ಬರಲಿ. ನಕಲು ತೆಗೆಸುವುದು ನಿಮ್ಮ ಹಕ್ಕು.

ಹಾಳೆ ತಯಾರಾದ ಮೇಲೆ ತಡಕ್ಕೆ ಕಾರಣ ಯಾವುದೋ ಅದಕ್ಕೆ ತಕ್ಕ ಅರ್ಜಿ ಹಾಕಿಸಿ. ಸಮನ್ಸ್ ಜಾರಿ ಆಗಿಲ್ಲವೇ? ಸಮನ್ಸ್ ತಲುಪಿಸುವ ಅಮೀನರ ವರದಿಯಲ್ಲಿ ಏನಿದೆ ನೋಡಿ, ಸರಿಯಾದ ವಿಳಾಸ ಕೊಡಿ. ಅದೂ ಆಗದಿದ್ದರೆ ಪೇಪರ್ ಪ್ರಕಟಣೆಯ ಮೂಲಕ ಜಾರಿ ಮಾಡಲು ಕೇಳಿ. ಎದುರಿನವರು ಪದೇ ಪದೇ ಸಮಯ ಕೇಳುತ್ತಿದ್ದಾರೆಯೇ? ಸಿವಿಲ್ ಪ್ರಕ್ರಿಯಾ ಸಂಹಿತೆಯ 17ನೇ ಆದೇಶದ ಪ್ರಕಾರ ಒಬ್ಬ ಕಕ್ಷಿದಾರನಿಗೆ ವಿಚಾರಣೆ ವೇಳೆ 3ಕ್ಕಿಂತ ಹೆಚ್ಚು ಮುಂದೂಡಿಕೆ ಕೊಡಬಾರದು. ಇದು ಕಲ್ಲಿನ ಮೇಲೆ ಬರೆದ ನಿಯಮವಲ್ಲ, ತೀರಾ ಅನಿವಾರ್ಯವಾದರೆ ಕೊಡಬಹುದು ಎಂದು 2005ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಆಕ್ಷೇಪಣೆ ದಾಖಲಾಗಲಿ, ಖರ್ಚು ಹಾಕಿ ಎಂದು ಕೇಳಲಿ. ಬಾಯಲ್ಲಿ ಗೊಣಗಿದ್ದು ಎಲ್ಲೂ ಉಳಿಯುವುದಿಲ್ಲ. ಮುಂದಿನ ತಾರೀಖು ತುಂಬಾ ದೂರ ಕೊಟ್ಟಿದ್ದರೆ ತಾರೀಖನ್ನು ಹತ್ತಿರಕ್ಕೆ ತರಲು ಕೇಳುವ 'ಅಡ್ವಾನ್ಸ್‌ಮೆಂಟ್' ಅರ್ಜಿ ಹಾಕಬಹುದು. ವಯಸ್ಸು, ಕಾಯಿಲೆ, ಕೇಸು ಎಷ್ಟು ಹಳೆಯದು ಎಂಬುದನ್ನು ದಾಖಲೆ ಸಮೇತ ಬರೆಯಿರಿ. ಕರ್ನಾಟಕದಲ್ಲಿ 2005ರ ಕೇಸ್ ಫ್ಲೋ ಮ್ಯಾನೇಜ್‌ಮೆಂಟ್ ನಿಯಮಗಳು ಕೇಸುಗಳನ್ನು ವರ್ಗ ಮಾಡಿ ಕಾಲಮಿತಿ ಸೂಚಿಸಿವೆ. ಸಣ್ಣ ರೈತರು ಮತ್ತು ಬಡವರ ಸಿವಿಲ್ ಕೇಸುಗಳಿಗೆ ಆದ್ಯತೆ ಕೊಡುವ ರಾಜ್ಯದ ತಿದ್ದುಪಡಿಯೂ ಇದೆ. ಅರ್ಜಿಯಲ್ಲಿ ಇವನ್ನು ಹೆಸರಿಸುವಂತೆ ವಕೀಲರಿಗೆ ಹೇಳಿ.

ಇನ್ನೊಂದು ಕಾರಣ ಯಾರ ಗಮನಕ್ಕೂ ಬರುವುದಿಲ್ಲ: ಸಾವು. ಕಕ್ಷಿದಾರರೊಬ್ಬರು ತೀರಿಕೊಂಡರೆ 90 ದಿನದೊಳಗೆ ವಾರಸುದಾರರನ್ನು ಕೇಸಿಗೆ ಸೇರಿಸಬೇಕು. ತಪ್ಪಿದರೆ ಅವರ ಮಟ್ಟಿಗೆ ಕೇಸು ಬಿದ್ದುಹೋಗುತ್ತದೆ. ಮತ್ತೆ ಎಬ್ಬಿಸಲು ಇನ್ನಷ್ಟು ಅರ್ಜಿ, ಇನ್ನಷ್ಟು ವರ್ಷ. ಹತ್ತು ಹದಿನೈದು ಜನ ಪ್ರತಿವಾದಿಗಳಿರುವ ಪಾಲಿನ ದಾವೆಯಲ್ಲಿ ಇದು ಮತ್ತೆ ಮತ್ತೆ ಆಗುತ್ತದೆ. ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷವನ್ನು ತಿಥಿ ಮುಗಿದ ಕೂಡಲೇ ವಕೀಲರ ಕೈಗೆ ಕೊಡಿ. ಕೇಳಲು ಒರಟು ಅನಿಸಬಹುದು, ಆದರೆ ವರ್ಷಗಳು ಉಳಿಯುವುದು ಇಲ್ಲೇ.

ಪಾಲಿನ ದಾವೆಯಲ್ಲಿ ಪ್ರಾಥಮಿಕ ಡಿಕ್ರಿ, ಅಂದರೆ ಯಾರಿಗೆ ಎಷ್ಟು ಪಾಲು ಎಂಬ ತೀರ್ಪು, ಆದರೆ ಅರ್ಧ ಮಾತ್ರ ಮುಗಿದಂತೆ. ಅಂತಿಮ ಡಿಕ್ರಿಗೆ ಇನ್ನೊಂದು ಅರ್ಜಿ, ಕಮಿಷನರ್, ಸರ್ವೇ, ನಕ್ಷೆ ಎಂದು ಹೊಸದಾಗಿ ಶುರುವಾಗುತ್ತಿತ್ತು. ಪ್ರತ್ಯೇಕ ಅರ್ಜಿಗೆ ಕಾಯದೆ ಕೋರ್ಟೇ ಮುಂದುವರಿಯಬೇಕು ಎಂದು 2022ರಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪ್ರಾಥಮಿಕ ಡಿಕ್ರಿಯ ದಿನವೇ ಇದನ್ನು ನೆನಪಿಸುವ ಮೆಮೊ ಹಾಕಿಸಿ.

ಇನ್ನು ಅಮಲ್ಜಾರಿ, ಅಂದರೆ ಸಿಕ್ಕ ಡಿಕ್ರಿಯನ್ನು ಜಾರಿ ಮಾಡಿಸುವುದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇಲ್ಲಿಗೇ ಹೇಳಿದ ಮಾತು. ಅಮಲ್ಜಾರಿ ಅರ್ಜಿಯನ್ನು ಹಾಕಿದ 6 ತಿಂಗಳಲ್ಲಿ ಮುಗಿಸಬೇಕು, ಆಗದಿದ್ದರೆ ಕಾರಣ ಬರೆಯಬೇಕು ಎಂದು 2021ರಲ್ಲಿ, ಬೆಂಗಳೂರಿನ ಒಂದು ಆಸ್ತಿ ವಿವಾದದಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶಿಸಿದೆ. ಆ ರಾಹುಲ್ ಶಾ ತೀರ್ಪಿನ ಪ್ರತಿಯನ್ನು ಅರ್ಜಿಗೆ ಲಗತ್ತಿಸಿ. ಕಾಲುವೆಗೋ ರೈಲು ಮಾರ್ಗಕ್ಕೋ ಜಮೀನು ಕೊಟ್ಟು, ಕೋರ್ಟ್ ಪರಿಹಾರ ಹೆಚ್ಚಿಸಿದ ಮೇಲೂ ದುಡ್ಡು ಬರದವರಿಗೂ ಇದೇ ದಾರಿ. ಎಸಿ (ಉಪವಿಭಾಗಾಧಿಕಾರಿ) ಕಚೇರಿಯ ಜೀಪು, ಕುರ್ಚಿ ಜಪ್ತಿ ಆದ ಸುದ್ದಿ ಪೇಪರಿನಲ್ಲಿ ಆಗಾಗ ಬರುತ್ತದಲ್ವಾ, ಅದು ಅಮಲ್ಜಾರಿ ಅರ್ಜಿಯ ಫಲ.

ಹೈಕೋರ್ಟ್: ಯಾವಾಗ ಹೋಗಬೇಕು, ಯಾವಾಗ ಬೇಡ

ದಾವಣಗೆರೆ, ಚಿತ್ರದುರ್ಗ ಎರಡೂ ಬೆಂಗಳೂರಿನ ಪ್ರಧಾನ ಪೀಠದ ವ್ಯಾಪ್ತಿಗೆ ಬರುತ್ತವೆ. ಹತ್ತಿರ ಅನಿಸಿದರೂ ಧಾರವಾಡ ಪೀಠ ನಮ್ಮದಲ್ಲ. ಬೆಂಗಳೂರು ದಾವಣಗೆರೆಯಿಂದ ಸುಮಾರು 260 ಕಿಲೋಮೀಟರ್, ದುರ್ಗದಿಂದ 200. ಅಲ್ಲಿ ಬೇರೆ ವಕೀಲರು, ಬೇರೆ ಫೀಸು.

ಸಂವಿಧಾನದ 227ನೇ ವಿಧಿಯಡಿ ಕೆಳಗಿನ ಕೋರ್ಟುಗಳ ಮೇಲೆ ಹೈಕೋರ್ಟಿಗೆ ಮೇಲ್ವಿಚಾರಣೆಯ ಅಧಿಕಾರ ಇದೆ. 'ಇಷ್ಟು ತಿಂಗಳಲ್ಲಿ ಮುಗಿಸಿ' ಎಂಬ ಆದೇಶ ತರುವುದು ಹಳೆಯ ಅಭ್ಯಾಸ. ಆದರೆ 2024ರ ಫೆಬ್ರವರಿಯಲ್ಲಿ ಅಲಹಾಬಾದ್ ಹೈಕೋರ್ಟ್ ವಕೀಲರ ಸಂಘದ ಪ್ರಕರಣದಲ್ಲಿ 5 ನ್ಯಾಯಮೂರ್ತಿಗಳ ಪೀಠ, ಬೇರೆ ಕೋರ್ಟಿನ ಕೇಸಿಗೆ ಹೀಗೆ ಗಡುವು ಹಾಕುವುದು ಅಪರೂಪದ ಸಂದರ್ಭಕ್ಕೆ ಮಾತ್ರ ಇರಲಿ ಎಂದಿತು. ಕಾರಣ ನ್ಯಾಯವಾಗಿಯೇ ಇದೆ. ಬೆಂಗಳೂರಿಗೆ ಹೋಗುವ ಶಕ್ತಿ ಇರುವವನ ಕೇಸು ಮುಂದೆ ಬಂದರೆ, ಅದಕ್ಕಿಂತ ಹಳೆಯ, ಬಡವನ ಕೇಸು ಹಿಂದೆ ಸರಿಯುತ್ತದೆ. ತಡೆಯಾಜ್ಞೆ 6 ತಿಂಗಳಿಗೆ ತಾನಾಗಿ ಬೀಳುತ್ತದೆ ಎಂಬ 2018ರ ನಿಯಮವೂ ಅದೇ ತೀರ್ಪಿನಲ್ಲಿ ಹೋಯಿತು. ಹೈಕೋರ್ಟಿನ ತಡೆಯಾಜ್ಞೆಯಿಂದ ನಿಮ್ಮ ಕೇಸು ನಿಂತಿದ್ದರೆ ಈಗ ಅಲ್ಲೇ ಹೋಗಿ ತೆರವಿಗೆ ಕೇಳಬೇಕು.

ಹಾಗಾಗಿ ನನ್ನ ಲೆಕ್ಕದಲ್ಲಿ ಹೈಕೋರ್ಟಿಗೆ ಹೋಗಬೇಕಾದದ್ದು ಮೂರು ಕಡೆ. ಕೆಳಗಿನ ಕೋರ್ಟಿನಲ್ಲಿ ಅರ್ಜಿ ಹಾಕಿಯೂ ಆದೇಶವೇ ಬರದಿದ್ದಾಗ. ಕ್ರಿಮಿನಲ್ ಕೇಸನ್ನೇ ವಿಳಂಬದ ಕಾರಣಕ್ಕೆ ರದ್ದು ಮಾಡಿಸಬೇಕಿದ್ದಾಗ, ಅದೂ ಸರ್ಕಾರದ ಕಡೆಯಿಂದಲೇ ತಡವಾಗಿದೆ ಎಂದು ಆರ್ಡರ್ ಶೀಟ್ ಹೇಳುತ್ತಿದ್ದರೆ. ಮೂರನೆಯದು, ಎಸಿ ಅಥವಾ ತಹಶೀಲ್ದಾರ್ ಮುಂದೆ ಪಹಣಿ, ಖಾತೆ ಕೇಸು ಕೊಳೆಯುತ್ತಿದ್ದಾಗ. ಕಂದಾಯ ಅಧಿಕಾರಿಗಳಿಗೆ ಗಡುವು ಹಾಕಲು ಹೈಕೋರ್ಟ್ ಅಷ್ಟು ಹಿಂಜರಿಯುವುದಿಲ್ಲ. ಮೊದಲು ಎಸಿ ಕಚೇರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆದಿರಬೇಕು, ಅಷ್ಟೇ.

ಕೇಸನ್ನು ಬೇರೆ ಕೋರ್ಟಿಗೆ ವರ್ಗ ಮಾಡಿಸಿ ಎಂಬ ಸಲಹೆಯೂ ಸಿಗುತ್ತದೆ. ತಡಕ್ಕೆ ಅದು ಮದ್ದಲ್ಲ. ಹೊಸ ನ್ಯಾಯಾಧೀಶರು ಫೈಲನ್ನು ಮೊದಲ ಪುಟದಿಂದ ಓದಬೇಕು.

ಲೋಕ ಅದಾಲತ್

ಇದು ಕೇಸನ್ನು ಬೇಗ ನಡೆಸುವ ದಾರಿಯಲ್ಲ, ಕೇಸಿನಿಂದ ಹೊರಬರುವ ದಾರಿ. ಇಬ್ಬರೂ ಒಪ್ಪಿದರೆ ಅಲ್ಲಿ ಆಗುವ ಅವಾರ್ಡ್‌ಗೆ ಡಿಕ್ರಿಯ ಬಲ, ಕೋರ್ಟ್ ಶುಲ್ಕ ವಾಪಸ್, ಮೇಲ್ಮನವಿ ಇಲ್ಲ. ಈ ಕೊನೆಯದು ದೊಡ್ಡ ಲಾಭ. ಎದುರಿನವರು ಇನ್ನೂ ಹತ್ತು ವರ್ಷ ಎಳೆಯುವ ಅವಕಾಶವೇ ಇರುವುದಿಲ್ಲ. ಆದರೆ ನಿಮಗೂ ಹಿಂದಿರುಗಿ ಹೋಗುವ ಅವಕಾಶ ಇಲ್ಲ. ಹೆದ್ದಾರಿ ಅಪಘಾತದ ಪರಿಹಾರ, ಬ್ಯಾಂಕ್ ಸಾಲ, ಚೆಕ್ ಬೌನ್ಸ್ ಕೇಸುಗಳಿಗೆ ಇದು ಹೇಳಿ ಮಾಡಿಸಿದಂತಿದೆ, ಏಕೆಂದರೆ ಅಲ್ಲಿ ಚೌಕಾಸಿ ಮೊತ್ತದ ಬಗ್ಗೆ ಮಾತ್ರ. ಚೆಕ್ ಕೇಸಿನಲ್ಲಿ ಇನ್ನೊಂದು ದಾರಿಯೂ ಇದೆ: ಆರೋಪಿ ತಪ್ಪೊಪ್ಪಿಕೊಳ್ಳದಿದ್ದರೆ ಚೆಕ್ ಮೊತ್ತದ 20%ವರೆಗೆ ಮಧ್ಯಂತರ ಪರಿಹಾರ ಕೇಳಬಹುದು. ದಲಾಲಿ ಮಂಡಿಯ ವ್ಯವಹಾರದವರು ಇದನ್ನು ಮೊದಲೇ ಕೇಳಬೇಕು. ಎಳೆದರೆ ಲಾಭ ಎಂಬ ಆರೋಪಿಯ ಲೆಕ್ಕ ಅಲ್ಲಿಗೆ ಸ್ವಲ್ಪ ಕೆಡುತ್ತದೆ.

ಅಣ್ಣತಮ್ಮಂದಿರ ಜಮೀನಿನ ಕೇಸಿಗೆ ಲೋಕ ಅದಾಲತ್‌ಗಿಂತ ಮಧ್ಯಸ್ಥಿಕೆ ಮೇಲು. ಅದಾಲತ್ ದಿನದ ಗದ್ದಲದಲ್ಲಿ ಇಪ್ಪತ್ತು ವರ್ಷದ ಸಿಟ್ಟು ಇಳಿಯುವುದಿಲ್ಲ. ಮಧ್ಯಸ್ಥಗಾರರ ಮುಂದೆ ನಾಲ್ಕಾರು ಸಲ ಕೂತರೆ ಇಳಿಯಬಹುದು. ಹೆಣ್ಣುಮಕ್ಕಳ ಪಾಲಿನ ವಿಷಯದಲ್ಲಿ ಮಾತ್ರ ಎಚ್ಚರ. 'ಮನೆ ಮರ್ಯಾದೆ' ಎಂದು ಹೇಳಿ ಕಡಿಮೆಗೆ ಸಹಿ ಹಾಕಿಸುವುದು ಇಲ್ಲೇ ಜಾಸ್ತಿ.

ಆಯೋಗ ಯಾವುದಕ್ಕೆ ಸರಿ

ಕೋರ್ಟಿನ ಮುಂದಿರುವ ವಿಷಯವನ್ನು ಆಯೋಗ ಸಾಮಾನ್ಯವಾಗಿ ಮುಟ್ಟುವುದಿಲ್ಲ. ನ್ಯಾಯಾಧೀಶರಿಗೆ ಬೇಗ ಮುಗಿಸಿ ಎಂದು ಹೇಳುವ ಅಧಿಕಾರವೂ ಅದಕ್ಕಿಲ್ಲ. ಘಟನೆ ನಡೆದು 1 ವರ್ಷ ಮೀರಿದರೆ 1993ರ ಕಾಯ್ದೆಯ ಪ್ರಕಾರ ವಿಚಾರಣೆ ಮಾಡುವಂತಿಲ್ಲ. ಅದು ಕೊಡುವುದು ಶಿಫಾರಸು. ಆದರೆ ತಡದ ಮೂಲ ಪೊಲೀಸರೋ ಜೈಲಿನವರೋ ಆಗಿದ್ದರೆ ಮಾತು ಬೇರೆ. ಬಿಡುಗಡೆ ಆದೇಶ ಬಂದರೂ ಬಿಡಲಿಲ್ಲ, ಎಸ್ಕಾರ್ಟ್ ಇಲ್ಲ ಎಂದು ಆರೋಪಿಯನ್ನು ವಾಯಿದೆಗೆ ಕರೆತರಲಿಲ್ಲ, ದೂರು ಕೊಟ್ಟರೂ ಎಫ್‌ಐಆರ್ ಹಾಕಲಿಲ್ಲ, ಇಂಥವಕ್ಕೆ ಆಯೋಗದ ಒಂದು ನೋಟಿಸ್ ಸಾಕಷ್ಟು ಕೆಲಸ ಮಾಡುತ್ತದೆ. ದೂರಿನಲ್ಲಿ ನ್ಯಾಯಾಧೀಶರ ಬಗ್ಗೆ ಒಂದು ಮಾತೂ ಬೇಡ. ಅಧಿಕಾರಿ ಏನು ಮಾಡಲಿಲ್ಲ, ಯಾವ ತಾರೀಖು, ಅಷ್ಟೇ ಬರೆಯಿರಿ.

ಕೋರ್ಟ್ ಸಿಬ್ಬಂದಿಯ ಬಗ್ಗೆ ದೂರಿದ್ದರೆ, ಉದಾಹರಣೆಗೆ ಫೈಲೇ ಸಿಗುತ್ತಿಲ್ಲ, ನಕಲು ಕೊಡುತ್ತಿಲ್ಲ ಎಂದರೆ, ಜಿಲ್ಲಾ ನ್ಯಾಯಾಧೀಶರಿಗೆ ಆಡಳಿತದ ಕಡೆಯಿಂದ ನೋಡಲು ಪತ್ರ ಬರೆಯಬಹುದು.

ದುಡ್ಡಿಲ್ಲದವರು ಶುರು ಮಾಡುವುದು ಎಲ್ಲಿಂದ

ಎರಡೂ ಜಿಲ್ಲೆಗಳಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ, ತಾಲ್ಲೂಕು ಮಟ್ಟಕ್ಕೆ ಕಾನೂನು ಸೇವಾ ಸಮಿತಿಗಳಿವೆ. ಸಹಾಯವಾಣಿ 15100. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿ ಇರುವವರು, ಇವರಿಗೆಲ್ಲ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಉಳಿದವರಿಗೆ ಆದಾಯ ಮಿತಿ ಇದೆ. ಹೋಗುವಾಗ ಆರ್ಡರ್ ಶೀಟ್ ಪ್ರತಿ, ಆಧಾರ್, ಆದಾಯ ಅಥವಾ ಜಾತಿ ಪ್ರಮಾಣಪತ್ರ, ಮತ್ತು ಮೇಲೆ ಹೇಳಿದ ಆ ಒಂದು ಹಾಳೆ ತೆಗೆದುಕೊಂಡು ಹೋಗಿ. 'ಕೇಸು ತಡವಾಗಿದೆ' ಎಂದಷ್ಟೇ ಹೇಳಿದರೆ ಸಮಾಧಾನದ ಮಾತು ಸಿಗುತ್ತದೆ. 'ಸಾಕ್ಷ್ಯದ ಹಂತದಲ್ಲಿ ನಿಂತಿದೆ, ಎದುರಿನವರು ಇಷ್ಟು ಸಲ ಸಮಯ ತೆಗೆದುಕೊಂಡಿದ್ದಾರೆ, ಅಡ್ವಾನ್ಸ್‌ಮೆಂಟ್ ಅರ್ಜಿ ಹಾಕಿಸಬೇಕು' ಎಂದು ಹೇಳಿದರೆ ಅವರು ಅಲ್ಲಿಯೇ ವಕೀಲರನ್ನು ಗೊತ್ತುಮಾಡಲು ಫಾರಂ ಕೊಡುತ್ತಾರೆ.